ಸೋತ ಉಸಿರಿಗೂ ಒದಗುವ ಪುಡಿ

ಚಿ. ಸಹನಾಳಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ಓದಿ ತುಂಬ ಸಂತೋಷವಾಯಿತು. ಕೆಲಸಕ್ಕೆ ಸೇರಿ ವರ್ಷ ತುಂಬುವ ಮೊದಲೇ ನಿನ್ನನ್ನು ನಂಬಿ ಒಂದು ಇನ್ಹೇಲರ್ ಪುಡಿಯ ಕೆಲಸ ವಹಿಸಿದ್ದಾರೆ. ಮೊದಲ ಬ್ಯಾಚಿನಲ್ಲೇ ಫೈನ್ ಪಾರ್ಟಿಕಲ್ ಫ್ರಾಕ್ಷನ್, ಅಂದರೆ ಶ್ವಾಸಕೋಶ ಸೇರುವಷ್ಟು ಸಣ್ಣ ಕಣಗಳಾಗಿ ಹೊರಬರುವ ಔಷಧದ ಪಾಲು, ಅರ್ಧ ದಾಟಿತು ಎಂದು ಬರೆದು ಅದರ ಕೆಳಗೆ ಎರಡು ಗೆರೆ ಎಳೆದಿದ್ದೀಯ. ಖುಷಿಪಡು, ಅದರಲ್ಲೇನೂ ತಪ್ಪಿಲ್ಲ. ಆದರೆ ಇಂಥ ಪುಡಿಗಳ ನಡುವೆಯೇ ಉದ್ಯೋಗದ ಆಯುಷ್ಯ ಕಳೆದವಳಾಗಿ ಒಂದು ಮಾತು ಹೇಳದೆ ಇರಲಾರೆ. ಬ್ಲೆಂಡರಿನಿಂದ ಇಳಿಸಿದ ದಿನದ ಅಂಕಿಯನ್ನು ನೆಚ್ಚಿಕೊಳ್ಳಬೇಡ. ಪುಡಿಯ ಯೋಗ್ಯತೆ ತಿಳಿಯುವುದು ಅದು ಹಳತಾದ ಮೇಲೆ, ಅದೂ ಉಸಿರು ಸೋತವರ ಕೈಯಲ್ಲಿ.

ಗಾತ್ರದ ಲೆಕ್ಕ ನಿನಗೆ ಬಾಯಿಪಾಠ. 5 ಮೈಕ್ರಾನ್‌ಗಿಂತ ದಪ್ಪಗಿನ ಕಣಗಳಲ್ಲಿ ಬಹುಪಾಲು ಗಂಟಲ ತಿರುವಿನಲ್ಲೇ ಬಡಿದು ಕೂತು ಹೊಟ್ಟೆಗೆ ಇಳಿಯುತ್ತವೆ. ಅರೆ ಮೈಕ್ರಾನ್ ಆಸುಪಾಸಿನವು ಉಸಿರಿನ ಜೊತೆ ಒಳಗೆ ಹೋಗಿ ಉಸಿರಿನ ಜೊತೆಗೇ ಹೊರಗೆ ಬಂದುಬಿಡುತ್ತವೆ. ಹಾಗಾಗಿ ನಮಗೆ ಬೇಕಾದದ್ದು 1ರಿಂದ 5 ಮೈಕ್ರಾನ್. ತಾಪತ್ರಯ ಶುರುವಾಗುವುದೂ ಅಲ್ಲೇ. ಕಣದ ವ್ಯಾಸ ಹತ್ತು ಪಟ್ಟು ಇಳಿದರೆ ತೂಕ ಸಾವಿರ ಪಟ್ಟು ಇಳಿಯುತ್ತದೆ, ಅಂಟಿಕೊಳ್ಳುವ ಬಲ ಮಾತ್ರ ಹೆಚ್ಚುಕಡಿಮೆ ಹತ್ತೇ ಪಟ್ಟು ಇಳಿಯುತ್ತದೆ. ಶ್ವಾಸಕೋಶಕ್ಕೆ ತಕ್ಕ ಗಾತ್ರಕ್ಕೆ ಬಂದ ಪುಡಿಗೆ ಗುರುತ್ವದ ಹಂಗೇ ಇರುವುದಿಲ್ಲ. ಅಣುಗಳ ನಡುವಿನ ವಾನ್ ಡರ್ ವಾಲ್ಸ್ ಬಲ, ಸ್ಥಿರವಿದ್ಯುತ್ತು, ತೇವ ಸೇರಿದರೆ ಕಣಗಳ ನಡುವಿನ ನೀರಿನ ಸೆಳೆತ, ಇವು ಹೇಳಿದ ಹಾಗೆ ಅದು ಕೇಳುತ್ತದೆ. ಸುರಿದರೆ ಹರಿಯುವುದಿಲ್ಲ, ಪಾತ್ರೆಯ ಗೋಡೆ ಬಿಡುವುದಿಲ್ಲ, ತನ್ನಷ್ಟಕ್ಕೆ ಉಂಡೆ ಕಟ್ಟುತ್ತದೆ.

ಇಂಥ ಪುಡಿಯನ್ನು ಮೈಕ್ರೋಗ್ರಾಂ ಲೆಕ್ಕದಲ್ಲಿ ಅಳೆದು ತುಂಬು ಎಂದರೆ ಯಾವ ಯಂತ್ರಕ್ಕೂ ಆಗದ ಮಾತು. ಟಯೊಟ್ರೋಪಿಯಂ ಎಂಬ ಶ್ವಾಸರೋಗದ ಔಷಧದ ಕ್ಯಾಪ್ಸೂಲನ್ನೇ ನೋಡು. ಅದರಲ್ಲಿ ಔಷಧ 18 ಮೈಕ್ರೋಗ್ರಾಂ, ಪುಡಿಯ ಒಟ್ಟು ತೂಕ ಸುಮಾರು 5.5 ಮಿಲಿಗ್ರಾಂ. ಮುನ್ನೂರರಲ್ಲಿ ಒಂದು ಪಾಲು ಔಷಧ, ಮಿಕ್ಕದ್ದೆಲ್ಲ ಹೆಚ್ಚುಕಡಿಮೆ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ. ಆ ಲ್ಯಾಕ್ಟೋಸ್ ಬರೀ ಭರ್ತಿಗೆ ಹಾಕಿದ್ದಲ್ಲ. ಔಷಧದ ಕಣವನ್ನು ಮೈಮೇಲೆ ಹೊತ್ತು ತುಂಬುವ ಯಂತ್ರದ ತನಕ, ಕ್ಯಾಪ್ಸೂಲಿನ ತನಕ, ರೋಗಿಯ ಬಾಯಿಯ ತನಕ ತಂದುಕೊಡುವುದು ಅದೇ. ತಂದಮೇಲೆ ಬಿಟ್ಟುಕೊಡಬೇಕಾದದ್ದೂ ಅದೇ. ಸಾಗಿಸುವಾಗ ಬಿಗಿಯಾಗಿ ಹಿಡಿದಿರಬೇಕು, ಉಸಿರು ಎಳೆದ ಕ್ಷಣಕ್ಕೆ ಹಿಡಿತ ಬಿಡಬೇಕು. ಹಿಡಿತ ಸಡಿಲವಾದರೆ ಔಷಧ ಬೇರ್ಪಟ್ಟು ಒಂದು ಕ್ಯಾಪ್ಸೂಲಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಬೀಳುತ್ತದೆ. ಬಿಗಿಯಾದರೆ ಔಷಧ ಲ್ಯಾಕ್ಟೋಸ್ ಸಮೇತ ಗಂಟಲಿಗೆ ಬಡಿಯುತ್ತದೆ. ನೀನು ಮುಂದೆ ಮಾಡುವ ಕೆಲಸವೆಲ್ಲ ಈ ಎರಡರ ನಡುವೆಯೇ.

ಸಮಯ ಸಿಕ್ಕಾಗ ನಿನ್ನ ಬ್ಲೆಂಡನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೀನೇ ಕೂತು ನೋಡು, ರಿಪೋರ್ಟಿನ ಚಿತ್ರ ಸಾಲದು. ಲ್ಯಾಕ್ಟೋಸ್ ಮೊನೊಹೈಡ್ರೇಟಿನ ಹರಳು ಕೊಡಲಿಯ ಅಲಗಿನ ಆಕಾರದಲ್ಲಿರುತ್ತದೆ, ಅಡ್ಡಳತೆ 50ರಿಂದ 150 ಮೈಕ್ರಾನ್. ನುಣುಪಾದ ಮುಖಗಳ ಮೇಲೆ ಔಷಧದ ಕಣಗಳು ಅಲ್ಲೊಂದು ಇಲ್ಲೊಂದು. ಅಂಚು ಮುರಿದಲ್ಲಿ, ಗುಳಿ ಬಿದ್ದಲ್ಲಿ, ಮೆಟ್ಟಿಲಂಥ ಬಿರುಕಿದ್ದಲ್ಲಿ ಗುಂಪುಗುಂಪಾಗಿ ಅಡಗಿರುತ್ತವೆ. ಗಾಳಿ ಬೀಸಿದಾಗ ಮುಖದ ಮೇಲಿನವು ಎದ್ದು ಹೋಗುತ್ತವೆ, ಗುಳಿಯೊಳಗಿನವು ಉಳಿದುಬಿಡುತ್ತವೆ. ಲ್ಯಾಕ್ಟೋಸಿನದೇ ನುಣ್ಣನೆಯ ಪುಡಿಯನ್ನು ಸ್ವಲ್ಪ ಸೇರಿಸಿದರೆ ಫಲಿತಾಂಶ ಸುಧಾರಿಸುವುದು ನಿನಗೆ ಗೊತ್ತು. ಆ ನುಣ್ಣನೆ ಕಣಗಳು ಗುಳಿಗಳನ್ನು ಮೊದಲೇ ತುಂಬಿಬಿಡುತ್ತವೆ ಎನ್ನುವವರು ಒಂದು ಕಡೆ, ಅವು ಔಷಧದ ಜೊತೆ ಸೇರಿ ಸಡಿಲ ಉಂಡೆ ಕಟ್ಟಿ ಸುಲಭವಾಗಿ ಒಡೆಯುತ್ತವೆ ಎನ್ನುವವರು ಇನ್ನೊಂದು ಕಡೆ. ನನ್ನ ಅಭಿಪ್ರಾಯ ಕೇಳಿದರೆ ಎರಡೂ ನಡೆಯುತ್ತದೆ, ಯಾವುದು ಎಷ್ಟು ಎನ್ನುವುದು ಔಷಧದ ಮೇಲಿದೆ. ಆದ್ದರಿಂದ ಬೇರೊಂದು ಔಷಧಕ್ಕೆ ಕೆಲಸ ಮಾಡಿದ ಪ್ರಮಾಣವನ್ನು ಕಣ್ಣುಮುಚ್ಚಿ ಎತ್ತಿಕೊಳ್ಳಬೇಡ. ಅಂಟು ತಗ್ಗಿಸಲು ಸೇರಿಸುವ ಮೆಗ್ನೀಸಿಯಂ ಸ್ಟಿಯರೇಟ್ ವಿಷಯವೂ ಅಷ್ಟೆ. ಒಳ್ಳೆಯ ಸಾಧನ, ಎಲ್ಲದಕ್ಕೂ ಮದ್ದಲ್ಲ.

ಇನ್ನು ಮೊದಲ ದಿನದ ಅಂಕಿಯನ್ನು ನಾನು ಯಾಕೆ ನಂಬುವುದಿಲ್ಲ ಎನ್ನುವ ವಿಷಯ. ರಭಸದ ಗಾಳಿಯಿಂದ ಪುಡಿಮಾಡುವ ಜೆಟ್ ಮಿಲ್ಲಿನಲ್ಲಿ ಔಷಧದ ಹರಳುಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಒಡೆಯುತ್ತವೆ. ಒಡೆದ ಮೈಮೇಲೆ ಅಲ್ಲಲ್ಲಿ ಹರಳಿನ ಕ್ರಮ ಕೆಟ್ಟು ಅಮಾರ್ಫಸ್ ಆಗಿರುತ್ತದೆ. ಒಟ್ಟು ತೂಕದಲ್ಲಿ ಅದು ಶೇ. 1 ಇರಬಹುದು, 2 ಇರಬಹುದು. ಎಕ್ಸ್‌ರೇ ಡಿಫ್ರಾಕ್ಷನ್ನಿಗೆ ಅಷ್ಟು ಸಾಮಾನ್ಯವಾಗಿ ಕಾಣಿಸುವುದೇ ಇಲ್ಲ, ಔಷಧ ಪೂರ್ತಿ ಹರಳಾಗಿದೆ ಎಂದೇ ರಿಪೋರ್ಟು ಬರುತ್ತದೆ. ಆದರೆ ಆ ಕೆಟ್ಟ ಭಾಗ ಇರುವುದು ಮೇಲ್ಮೈಯಲ್ಲಿ, ಕಣಕ್ಕೆ ಕಣ ತಾಗುವುದೂ ಮೇಲ್ಮೈಯಲ್ಲೇ. ಅದು ಗಾಳಿಯ ತೇವ ಹೀರಿ ಮೆತ್ತಗಾಗಿ ಮತ್ತೆ ಹರಳುಗಟ್ಟುತ್ತದೆ. ಹಾಗೆ ಗಟ್ಟುವಾಗ ಪಕ್ಕದ ಕಣವನ್ನೂ ಸೇರಿಸಿಕೊಂಡು ಬೆಸೆದುಬಿಡುತ್ತದೆ. ಇವತ್ತು ಅರ್ಧ ದಾಟಿದ ಅಂಕಿ ಕೆಲವು ವಾರಗಳಲ್ಲಿ ಮೂರನೇ ಒಂದು ಭಾಗಕ್ಕೆ ಇಳಿದರೆ ಅದಕ್ಕೆ ಕಾರಣ ಬಹುಮಟ್ಟಿಗೆ ಇದೇ.

ಅದಕ್ಕೇ ಮಿಲ್ಲಿನಿಂದ ಬಂದ ಔಷಧವನ್ನು ಅದೇ ದಿನ ಬ್ಲೆಂಡ್ ಮಾಡಬೇಡ. ಗೊತ್ತಾದ ತೇವ, ಗೊತ್ತಾದ ಉಷ್ಣತೆಯಲ್ಲಿ ಇಟ್ಟು ಅದರ ಮೇಲ್ಮೈ ನೆಲೆಗೊಳ್ಳಲಿ. ನೆಲೆಗೊಂಡಿತೋ ಇಲ್ಲವೋ ಎನ್ನುವುದನ್ನು ತೇವ ಹೀರುವಿಕೆ ಅಳೆಯುವ ಉಪಕರಣದಲ್ಲಿ ನೋಡು, ಎಕ್ಸ್‌ರೇಗೆ ಕಾಣದ್ದು ಅದಕ್ಕೆ ಕಾಣುತ್ತದೆ. ಬ್ಲೆಂಡಿಗೂ ವಿಶ್ರಾಂತಿ ಬೇಕು, ಕಲಸುವಾಗ ಏರಿದ ಸ್ಥಿರವಿದ್ಯುತ್ತು ಇಳಿಯಬೇಕು. ಇದೆಲ್ಲ ಮೇಲಿನವರಿಗೆ ಕಾಲಹರಣವೆಂದು ತೋರುತ್ತದೆ. ಗಡುವಿನ ಒತ್ತಡ ಬಂದಾಗ ಮೊದಲು ಕತ್ತರಿ ಬೀಳುವುದು ಈ ದಿನಗಳಿಗೇ. ಅಲ್ಲಿ ನೀನು ಗಟ್ಟಿಯಾಗಿ ನಿಲ್ಲಬೇಕು ಕಣೇ. ನೀನು ಚಿಕ್ಕವಳು, ಹೊಸಬಳು, ನಿಜ. ಆದರೆ ಪುಡಿಗೆ ಎಷ್ಟು ದಿನ ಬೇಕೆಂಬುದನ್ನು ಅಳೆದು ತೋರಿಸುವ ಅಂಕಿ ನಿನ್ನ ಕೈಯಲ್ಲಿದ್ದರೆ ವಯಸ್ಸು ಅಡ್ಡ ಬರುವುದಿಲ್ಲ.

ಕ್ಯಾಪ್ಸೂಲಿನ ಚಿಪ್ಪನ್ನು ಯಾರೂ ಫಾರ್ಮುಲೇಷನ್ನಿನ ಭಾಗವೆಂದು ಎಣಿಸುವುದಿಲ್ಲ. ನೀನು ಎಣಿಸು. ಜೆಲಾಟಿನ್ ಚಿಪ್ಪಿನಲ್ಲಿ ಶೇ. 13ರಿಂದ 16ರಷ್ಟು ನೀರಿರುತ್ತದೆ, ಸಸ್ಯಮೂಲದ ಹೈಪ್ರೊಮೆಲೋಸ್ ಚಿಪ್ಪಿನಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ತೇವಕ್ಕೆ ಹೆದರುವ ಪುಡಿಯನ್ನು ಜೆಲಾಟಿನ್ನಿಗೆ ತುಂಬಿದರೆ ಚಿಪ್ಪಿನ ನೀರೇ ಪುಡಿಗೆ ಇಳಿಯುತ್ತದೆ. ಹಾಗೆಂದು ಜೆಲಾಟಿನ್ನನ್ನು ತೀರ ಒಣಗಿಸಿದರೆ ಇನ್ಹೇಲರಿನ ಸೂಜಿ ಚುಚ್ಚಿದಾಗ ಸೀಳಿ ಚೂರಾಗುತ್ತದೆ, ಆ ಚೂರು ರೋಗಿಯ ಬಾಯಿಗೆ ಹೋಗುತ್ತದೆ. ಲ್ಯಾಕ್ಟೋಸಿನ ಆಯ್ಕೆಯನ್ನೂ ಒಮ್ಮೆ ಪ್ರಶ್ನಿಸು. ಅದರಲ್ಲಿ ಹಾಲಿನ ಪ್ರೋಟೀನಿನ ಅಂಶ ಲೇಶಮಾತ್ರ ಉಳಿದಿರಬಹುದು, ಹಾಲಿನ ಪ್ರೋಟೀನಿಗೆ ತೀವ್ರ ಅಲರ್ಜಿ ಇರುವವರಿಗೆ ಅದು ಅಪಾಯ. ಜೊತೆಗೆ ಅದು ಅಮೈನ್ ಗುಂಪಿರುವ ಔಷಧದೊಡನೆ, ಪ್ರೋಟೀನಿನೊಡನೆ ವರ್ತಿಸಬಲ್ಲ ಸಕ್ಕರೆ. ಅಂಥ ಕಡೆ ಮ್ಯಾನಿಟಾಲ್ ಇದೆ, ಟ್ರೆಹಲೋಸ್ ಇದೆ.

ಈಗ ಉಸಿರಿನ ಮಾತು. ಒತ್ತಿದರೆ ಚಿಮ್ಮುವ ಇನ್ಹೇಲರಿನಲ್ಲಿ ಔಷಧವನ್ನು ಹೊರದೂಡಲು ಅನಿಲವಿದೆ. ಓಝೋನ್ ಪದರ ಉಳಿಸಲು 1987ರಲ್ಲಿ ಆದ ಮಾಂಟ್ರಿಯಲ್ ಒಪ್ಪಂದದಿಂದ ಹಳೆಯ ಅನಿಲ ಸಿಎಫ್‌ಸಿ ಹೋಯಿತು, ಅದರ ಜಾಗಕ್ಕೆ ಬಂದ ಎಚ್‌ಎಫ್‌ಎ-134ಎ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಭೂಮಿಯನ್ನು ಬಿಸಿಮಾಡಬಲ್ಲದ್ದು. ನಮ್ಮ ಪುಡಿಗೆ ಅನಿಲವೇ ಬೇಡ, ಅದು ದೊಡ್ಡ ಪುಣ್ಯ. ಆದರೆ ಅನಿಲದ ಬದಲು ದುಡಿಯಬೇಕಾದದ್ದು ರೋಗಿಯ ಉಸಿರು. ಯಾರಿಗೆ ಉಸಿರಾಡುವುದೇ ಕಷ್ಟವೋ ಅವರ ಉಸಿರಿನಿಂದಲೇ ನಾವು ಶಕ್ತಿ ಕೇಳುತ್ತಿದ್ದೇವೆ. ಈ ಒಂದು ಸಂಗತಿ ನಿನ್ನ ಮೇಜಿನ ಮೇಲೆ ಸದಾ ಇರಲಿ.

ಸ್ಪಿನ್‌ಹೇಲರ್ ಎಂಬ ಪುಡಿ ಇನ್ಹೇಲರ್ ಮಾಡಿದ ಡಾಕ್ಟರ್ ರೋಜರ್ ಆಲ್ಟೂನ್ಯನ್ ಸ್ವತಃ ಅಸ್ತಮಾ ರೋಗಿ. ಔಷಧಗಳನ್ನು ತನ್ನ ಶ್ವಾಸಕೋಶದ ಮೇಲೇ ಪರೀಕ್ಷಿಸಿಕೊಂಡ ಮನುಷ್ಯ. ಯುದ್ಧಕಾಲದಲ್ಲಿ ವಿಮಾನ ಹಾರಿಸಿದವನು, ಕ್ಯಾಪ್ಸೂಲನ್ನು ಪುಟ್ಟ ಪ್ರೊಪೆಲ್ಲರಿಗೆ ಸಿಕ್ಕಿಸಿ ಉಸಿರಿನಿಂದ ತಿರುಗಿಸಿದ. ಉಸಿರು ಸಿಗದಿರುವುದು ಎಂದರೇನು ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಮ್ಮಂಥವರು ಅದನ್ನು ಪರೀಕ್ಷೆಗಳ ಮೂಲಕ ತಿಳಿಯಬೇಕು.

ಔಷಧ ಗುಣಮಟ್ಟದ ಗ್ರಂಥವಾದ ಫಾರ್ಮಕೋಪಿಯ ಹೇಳುವಂತೆ ನೀನು ಕಣಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಇಂಪ್ಯಾಕ್ಟರಿನಲ್ಲಿ 4 ಕಿಲೋಪ್ಯಾಸ್ಕಲ್ ಒತ್ತಡದ ಇಳಿತಕ್ಕೆ ಹರಿವನ್ನು ಹೊಂದಿಸಿ 4 ಲೀಟರ್ ಗಾಳಿ ಎಳೆಯುತ್ತೀಯ. ಬ್ಯಾಚಿಗೆ ಬ್ಯಾಚು ಹೋಲಿಸಲು ಅದು ಸರಿ. ಆದರೆ ಪಂಪು ಮನುಷ್ಯನಲ್ಲ. ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸರೋಗ ಉಲ್ಬಣಿಸಿದ ಮುದುಕರು, ಐದಾರು ವರ್ಷದ ಮಕ್ಕಳು ಅಷ್ಟು ಎಳೆಯದೇ ಇರಬಹುದು. 2 ಕಿಲೋಪ್ಯಾಸ್ಕಲಿನಲ್ಲೂ ಮಾಡು, 6ರಲ್ಲೂ ಮಾಡು. ಮೂರೂ ಅಂಕಿ ಹತ್ತಿರ ಬಂದರೆ ಆ ಪುಡಿಯನ್ನು ನಾನು ಮೆಚ್ಚುತ್ತೇನೆ, 4ರಲ್ಲಿ ಅದು ಅಷ್ಟೇನೂ ಮಿಂಚದಿದ್ದರೂ. 4ರಲ್ಲಿ ಮಿಂಚಿ 2ರಲ್ಲಿ ಕುಸಿಯುವ ಪುಡಿ ಚೆನ್ನಾಗಿರುವವರಿಗೆ ಚೆನ್ನಾಗಿ, ಕಷ್ಟದಲ್ಲಿರುವವರಿಗೆ ಕಡಿಮೆ ಔಷಧ ಕೊಡುತ್ತದೆ. ಉಸಿರಿನ ಶುರುವೂ ಮುಖ್ಯ. ಬ್ಲಿಸ್ಟರಿನ, ಅಂದರೆ ಒಂದೊಂದು ಡೋಸಿನ ಪುಟ್ಟ ಪೊಟ್ಟಣದ, ಪುಡಿ ಬಹುಪಾಲು ಮೊದಲ ಕ್ಷಣದಲ್ಲೇ ಹೊರಬೀಳುತ್ತದೆ. ಮೆಲ್ಲಗೆ ಶುರುಮಾಡಿ ಆಮೇಲೆ ಜೋರು ಎಳೆದರೆ, ಜೋರು ಬರುವ ಹೊತ್ತಿಗೆ ಪುಡಿ ಉಂಡೆಯಾಗಿಯೇ ಗಂಟಲು ಸೇರಿರುತ್ತದೆ.

ಉಸಿರಲ್ಲಿ ಎಳೆಯುವ ಇನ್ಸುಲಿನ್ ಎಕ್ಸುಬೆರಾದ ಕಥೆ ಓದಿಕೊಂಡಿದ್ದೀಯಾ? 2006ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, 2007ರಲ್ಲಿ ಫೈಜರ್ ಅದನ್ನು ನಿಲ್ಲಿಸಿತು. ಸಾಧನ ದೊಡ್ಡದಾಗಿತ್ತು, ಬೆಲೆ ಹೆಚ್ಚಾಗಿತ್ತು ಎಂದು ಎಲ್ಲರೂ ಹೇಳುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಅದರ ಲೇಬಲ್ಲಿನ ಒಂದು ಎಚ್ಚರಿಕೆ. 1 ಮಿಲಿಗ್ರಾಂನ ಮೂರು ಬ್ಲಿಸ್ಟರ್ ಎಳೆದರೆ 3 ಮಿಲಿಗ್ರಾಂನ ಒಂದು ಬ್ಲಿಸ್ಟರಿಗಿಂತ ಹೆಚ್ಚು ಇನ್ಸುಲಿನ್ ರಕ್ತಕ್ಕೆ ಸೇರುತ್ತಿತ್ತು, ಆದ್ದರಿಂದ ಒಂದರ ಬದಲು ಇನ್ನೊಂದನ್ನು ಬಳಸಬೇಡಿ ಎಂದಿತ್ತು. ದಿನವೂ ಲೆಕ್ಕ ಹಾಕಿ ಬದುಕುವ ಸಕ್ಕರೆ ಕಾಯಿಲೆಯವರಿಗೆ ಒಂದು ಕೂಡಿಸು ಒಂದು ಕೂಡಿಸು ಒಂದು ಮೂರಾಗುವುದಿಲ್ಲ ಎಂದು ಹೇಳಬೇಕಾಗಿ ಬಂತು. ಆ ಪುಡಿ ದ್ರಾವಣವನ್ನು ಬಿಸಿಗಾಳಿಗೆ ಸಿಂಪಡಿಸಿ ಒಣಗಿಸುವ ಸ್ಪ್ರೇ ಡ್ರೈಯಿಂಗಿನ ದೊಡ್ಡ ಸಾಧನೆ, ಸಂಶಯವಿಲ್ಲ. ಆದರೂ ಎಷ್ಟು ತುಂಬಿದ್ದೇವೆ ಎನ್ನುವುದಕ್ಕೂ ಎಷ್ಟು ತಲುಪುತ್ತದೆ ಎನ್ನುವುದಕ್ಕೂ ಇರುವ ಅಂತರ ಕೊನೆಗೆ ರೋಗಿಯ ತಲೆಯ ಮೇಲೆ ಬಿತ್ತು.

ಸ್ಪ್ರೇ ಡ್ರೈಯಿಂಗ್ ಕಲಿಯಬೇಕೆಂದು ಬರೆದಿದ್ದೀಯ, ಖಂಡಿತ ಕಲಿ. ಅದರಿಂದ ಬರುವ ಪೊಳ್ಳು ಕಣದ ಸೊಗಸು ಬೇರೆಯೇ. ಅಡ್ಡಳತೆ 10 ಮೈಕ್ರಾನ್ ಇದ್ದರೂ ಸಾಂದ್ರತೆ ಘನ ಸೆಂಟಿಮೀಟರಿಗೆ 0.1 ಗ್ರಾಂ ಆದರೆ ಅದು ಗಾಳಿಯಲ್ಲಿ ಸುಮಾರು 3 ಮೈಕ್ರಾನಿನ ಕಣದಂತೆ ನಡೆದುಕೊಳ್ಳುತ್ತದೆ. ಟೋಬ್ರಾಮೈಸಿನ್ ಎಂಬ ಆಂಟಿಬಯಾಟಿಕ್ಕಿನ ಪುಡಿ 112 ಮಿಲಿಗ್ರಾಂನಷ್ಟು ದೊಡ್ಡ ಡೋಸನ್ನು ನಾಲ್ಕು ಕ್ಯಾಪ್ಸೂಲಿನಲ್ಲಿ ಕೊಡಲು ಸಾಧ್ಯವಾದದ್ದು ಇಂಥ ಕಣಗಳಿಂದ. ಲ್ಯೂಸಿನ್ ಎಂಬ ಅಮೈನೋ ಆಮ್ಲ ಸೇರಿಸಿದರೆ ಕಣದ ಮೈ ಒರಟಾಗಿ ಅಂಟು ಕಡಿಮೆಯಾಗುತ್ತದೆ. ಅಮಾರ್ಫಸ್ ಪುಡಿಯಾದರೆ ಗ್ಲಾಸ್ ಟ್ರಾನ್ಸಿಷನ್ ಉಷ್ಣತೆ, ಅಂದರೆ ಗಾಜಿನಂತೆ ಗಟ್ಟಿಯಿದ್ದದ್ದು ಮೆತ್ತಗಾಗುವ ಉಷ್ಣತೆ, ಇಟ್ಟುಕೊಳ್ಳುವ ಜಾಗದ ಉಷ್ಣತೆಗಿಂತ ಸುಮಾರು 50 ಡಿಗ್ರಿ ಮೇಲಿರಲಿ, ನೀರು ಸೇರಿದಷ್ಟೂ ಅದು ಇಳಿಯುತ್ತದೆ ಎಂಬುದು ನೆನಪಿರಲಿ.

ಪುಡಿ ನಿನ್ನ ಕೈದಾಟಿದ ಮೇಲೆ ಏನೇನಾಗುತ್ತದೆ ಎಂದೂ ತಿಳಿದಿರು. ಇನ್ಹೇಲರ್ ಕ್ಯಾಪ್ಸೂಲನ್ನು ಜನ ನುಂಗಿಬಿಡುತ್ತಿದ್ದಾರೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲಿ ಎಚ್ಚರಿಸಬೇಕಾಯಿತು. 2009ರಲ್ಲಿ ಫ್ಲೂ ಜ್ವರದ ಔಷಧ ಝನಾಮಿವಿರ್ ಪುಡಿಯನ್ನು ನೀರಿನಲ್ಲಿ ಕರಗಿಸಿ ವೆಂಟಿಲೇಟರಿಗೆ ಹಾಕಿದ್ದರು, ಅದರ ಲ್ಯಾಕ್ಟೋಸ್ ಯಂತ್ರಕ್ಕೆ ಅಡ್ಡಕಟ್ಟಿ ರೋಗಿ ತೀರಿಹೋದರು. ಹಾಕಿದವರು ಜೀವ ಉಳಿಸಲೆಂದೇ ಹಾಕಿದ್ದು. ಸಾಧನದೊಳಕ್ಕೆ ಉಸಿರು ಬಿಡುವವರು, ತುಟಿ ಬಿಗಿಯದವರು, ಎಳೆದಮೇಲೆ ಹತ್ತು ಸೆಕೆಂಡು ಉಸಿರು ಹಿಡಿಯದವರು ಎಲ್ಲ ಕಡೆ ಇದ್ದಾರೆ. ಅವರನ್ನು ದೂರಬೇಡ. ಬಾಯಿಂದ ಸಾಧನದೊಳಕ್ಕೆ ಹೋದ ಒಂದು ತೇವದ ಉಸಿರಿಗೆ ನಿನ್ನ ಪುಡಿ ಎಷ್ಟು ತಡೆಯುತ್ತದೆ ಎಂದು ಪರೀಕ್ಷಿಸಿ ನೋಡು.

ಈಗ ನನ್ನ ಕೋರಿಕೆ. ಈ ಬ್ಯಾಚಿನ ಕ್ಯಾಪ್ಸೂಲುಗಳನ್ನು ಪೊಟ್ಟಣದೊಳಗೆ ಒಂದಷ್ಟು, ಪೊಟ್ಟಣ ತೆರೆದು ಒಂದಷ್ಟು, 40 ಡಿಗ್ರಿ, ಶೇ. 75 ತೇವದ ಚೇಂಬರಿನಲ್ಲಿ ಇಡು. ಒಂದು ತಿಂಗಳಿಗೆ, ಮೂರು ತಿಂಗಳಿಗೆ, ಆರು ತಿಂಗಳಿಗೆ ತೆಗೆದು 2, 4, 6 ಕಿಲೋಪ್ಯಾಸ್ಕಲಿನಲ್ಲಿ ಇಂಪ್ಯಾಕ್ಟರಿಗೆ ಹಾಕು. ಪ್ರತಿಸಲವೂ ಖಾಲಿಯಾದ ಕ್ಯಾಪ್ಸೂಲನ್ನು ಎಸೆಯುವ ಮೊದಲು ತೂಗು, ಬಿಚ್ಚಿ ಒಳಗೋಡೆ ನೋಡು, ಪುಡಿ ಎಲ್ಲಿ ಅಂಟಿದೆ ಎಂದು ಬರೆದಿಡು. ಮೊದಲ ತಿಂಗಳ ಫಲಿತಾಂಶ ಬಂದ ಕೂಡಲೇ ನನಗೆ ಬರೆ. ಚೆನ್ನಾಗಿ ಬಂದದ್ದನ್ನು ಮಾತ್ರ ಆರಿಸಬೇಡ, 2ರಲ್ಲಿ ಬಂದ ಅಂಕಿಯನ್ನೇ ಮೊದಲು ಬರೆ. ಅಪ್ಪ ಅಮ್ಮನಿಗೆ ನನ್ನ ನೆನಪು ಹೇಳು.

ಇತಿ,
ನಿನ್ನ ದೊಡ್ಡಮ್ಮ