ಕ್ಯಾಮೆರಾ ಹಿಡದವ್ರನ್ನ ನಿಲ್ಸಿದ್ರಿ, ತತ್ತಿ ತುಳದವ್ರನ್ನ ಬಿಟ್ರಿ

ಸಂಪಾದಕರಿಗೆ ನಮಸ್ಕಾರ.

ಮಂಗಳವಾರದ ಪೇಪರ್‌ನ ಜಿಲ್ಲಾ ಪುಟದಾಗ, ಹೊಳಿ ದಂಡಿ ಮ್ಯಾಲ ಅನುಮತಿ ಇಲ್ಲದ ಹಕ್ಕಿ ಫೋಟೋ ತಗೀತಿದ್ದ ಮೂವರಿಗೆ ಎಚ್ಚರಿಕೆ ಕೊಟ್ಟು ಕಳಿಸಿದ್ರು ಅಂತ ಸುದ್ದಿ ಬಂದಿತ್ತಲ್ಲ, ಆ ಮೂವರೊಳಗ ನಾನೂ ಒಬ್ಬ. ಇನ್ನಿಬ್ಬರು ಅಂದ್ರ ನನ್ನ ಹೆಂಡತಿ ಮತ್ತ ನಮ್ಮ ಬಾಜೂ ಮನಿ ರಿಟೈರ್ಡ್ ಮಾಸ್ತರು, ಅವರಿಗೆ 71 ವರ್ಷ. ಸುದ್ದಿ ಓದಿದ ನಮ್ಮ ಬೀಗರು ಹುಬ್ಬಳ್ಳಿಗೆ ಫೋನ್ ಮಾಡಿ ‘ಏನ್ರೀ ಇದು, ಕೇಸ್ ಆಗೇತೇನು’ ಅಂತ ಕೇಳಿದ್ರು. ನನಗ ತಡಕೊಳ್ಳಾಕ ಆಗ್ಲಿಲ್ಲ. ನಿಮ್ಮ ಸುದ್ದಿಯೊಳಗ ಅರ್ಧ ಕತಿ ಐತಿ, ಉಳದ ಅರ್ಧ ನಾ ಬರೀತೇನಿ, ದಯಮಾಡಿ ಇದನ್ನೂ ಹಾಕ್ರಿ.

ಮೂರು ದಿನ ರಜಾ ಇತ್ತು ಅಂತ ಹಾವೇರಿ ಜಿಲ್ಲಾದ ಗುತ್ತಲ ದಾಟಿ ಗಳಗನಾಥಕ್ಕ ಹೋಗಿದ್ವಿ. ವರದಾ ಬಂದು ತುಂಗಭದ್ರಾಕ್ಕ ಕೂಡೂ ಜಾಗ. ಗುಡಿ ನೋಡಿ, ಅಲ್ಲಿಂದ ದಂಡಿಗುಂಟ ಕೆಳಗ ನಡಕೋತ ಹೋಗೋದು, ಕಂಡ ಹಕ್ಕಿ ನೋಡೋದು, ಸಾಧ್ಯ ಆದ್ರ ಫೋಟೋ, ಇಷ್ಟ ನಮ್ಮ ಪ್ಲ್ಯಾನ್. ಗಾಡಿ ಇಲ್ಲ, ಸ್ಪೀಕರ್ ಇಲ್ಲ, ಬುತ್ತಿ ಕಟ್ಟಿಕೊಂಡು ಹೋದ ರೊಟ್ಟಿ ಶೇಂಗಾ ಚಟ್ನಿ. ಮೊದಲ ದಿನ ಎಷ್ಟು ಚಂದ ಆತಂದ್ರ, ಕಪ್ಪು ಬಿಳಿ ಮಿಂಚುಳ್ಳಿ ನೀರಿನ ಮ್ಯಾಲ ಒಂದ ಕಡೆ ರೆಕ್ಕಿ ಬಡಕೋತ ನಿಂತು ಕಲ್ಲು ಬಿದ್ದಂಗ ಕೆಳಗ ಬೀಳೋದು, ಬಂಡೆಗಲ್ಲಿನ ಮ್ಯಾಲ ನೀರುಕಾಗಿ ರೆಕ್ಕಿ ಬಿಚ್ಚಿ ಬಿಸಲಿಗೆ ಒಣಗಸೋದು, ಮಾಸ್ತರಂತೂ ಸಣ್ಣ ಹುಡುಗರಂಗ ಆಗಿದ್ರು. ಹಸಿ ಉಸುಕಿನಾಗ ನೀರುನಾಯಿ ಹೆಜ್ಜಿನೂ ಸಿಕ್ತು, ಬಾಜೂಕ ಮೀನಿನ ಪೊರಿ ತುಂಬಿದ ಹಿಕ್ಕಿ. ನನ್ನ ಹೆಂಡತಿ ಅದನ್ನ ಗುರುತು ಹಿಡದಳು, ನಾನಲ್ಲ.

ಎರಡನೇ ದಿನ ಮುಂಜಾನೆ ನದಿ ನಡುವಿನ ಉಸುಕಿನ ದಿಬ್ಬದ ಮ್ಯಾಲ ರಿವರ್ ಟರ್ನ್ ಕಂಡ್ವು, ನಮ್ಮ ಕನ್ನಡದಾಗ ನದಿ ರೀವ ಅಂತಾರ. ಕರಿ ಟೊಪ್ಪಿಗಿ, ಹಳದಿ ಕೊಕ್ಕು, ಕವಲು ಬಾಲ. ಭದ್ರಾ ಹಿನ್ನೀರಿನ ನಡುಗಡ್ಡಿ ಮ್ಯಾಲ ಇವನ್ನ ನೋಡಾಕ ಜನ ಬೆಂಗಳೂರಿಂದ ಬರ್ತಾರ, ಅದೇ ಹಕ್ಕಿ. ಗೂಡು ಅಂತ ಏನೂ ಕಟ್ಟೂದಿಲ್ಲ ಇದು, ಬರೀ ಉಸುಕಿನಾಗ ಸಣ್ಣ ತಗ್ಗು ಮಾಡಿ ತತ್ತಿ ಇಡತೈತಿ, ಆ ತತ್ತಿ ಉಸುಕಿನ ಬಣ್ಣದ್ದ, ಮ್ಯಾಲ ಕಂದು ಚುಕ್ಕಿ, ನಾಕು ಹೆಜ್ಜಿ ದೂರದಿಂದ ನೋಡಿದ್ರೂ ಕಾಣೂದಿಲ್ಲ. ಬ್ಯಾಸಗಿ ಬಿಸಲಾಗ ತಾಯಿ ತಂದಿ ಹೊಟ್ಟಿ ಪುಕ್ಕ ನೀರಾಗ ತೋಯಿಸಿಕೊಂಡು ಬಂದು ತತ್ತಿ ಮ್ಯಾಲ ಕುಂಡ್ರತಾವ, ಇಲ್ಲಂದ್ರ ತತ್ತಿ ಬೆಂದು ಹೋಗ್ತಾವ. ಅದಕ್ಕ ನಾವು ದಿಬ್ಬದ ಹಂತ್ಯಾಕ ಹೋಗ್ಲಿಲ್ಲ, ಈಚೆ ಜಾಲಿ ಗಿಡದ ನೆರಳಿಗೆ ಕುಂತು ಲೆನ್ಸ್ ಎಳದು ತಗದ್ವಿ. ಹಕ್ಕಿ ಎದ್ದು ಹಾರಿದ್ರ ಫೋಟೋ ಬ್ಯಾಡ ಅಂತ ಮಾಸ್ತರು ಮೊದಲ ಹೇಳಿದ್ರು.

ಆರೂವರಿ ಸುಮಾರಿಗೆ ಮೂರು ಟ್ರ್ಯಾಕ್ಟರ್ ಸೀದಾ ನೀರಿಗೆ ಇಳದು ದಿಬ್ಬ ಹತ್ತಿದ್ವು. ಉಸುಕು ತುಂಬಾಕ. ಹಕ್ಕಿ ಎಲ್ಲಾ ಎದ್ದು ಚೀರಕೋತ ಟ್ರ್ಯಾಕ್ಟರ್ ಮ್ಯಾಲ ಸುತ್ತಾಕ ಹತ್ತಿದ್ವು, ಡ್ರೈವರ್ ಮಾರಿ ತನಕ ಬಂದು ಹೋಗ್ತಿದ್ವು, ಗಾಲಿ ಹಂಗ ಮುಂದ ಹೋತು. ನನ್ನ ಹೆಂಡತಿ ಅಳಾಕ ಶುರು ಮಾಡಿದಳು. ನಾ ಫೋಟೋ ತಗದೆ, ನಂಬರ್ ಪ್ಲೇಟ್ ಸಹಿತ ತಗದೆ.

ಅರ್ಧ ತಾಸಿನಾಗ ಬೈಕ್ ಮ್ಯಾಲ ಇಬ್ಬರು ಸರ್ಕಾರಿ ಸಿಬ್ಬಂದಿ ಬಂದ್ರು, ನಮಗ ಎಷ್ಟು ಧೈರ್ಯ ಬಂತಂದ್ರ ನಾನೇ ಓಡಿ ಹೋಗಿ ಟ್ರ್ಯಾಕ್ಟರ್ ತೋರಿಸಿದೆ. ಅವರು ಆ ಕಡೆ ತಿರುಗಿ ನೋಡ್ಲಿಲ್ಲ. ‘ಕ್ಯಾಮೆರಾಕ್ಕ ಪರ್ಮಿಷನ್ ಎಲ್ಲೈತಿ?’ ಅಂತ ಕೇಳಿದ್ರು. ಬಿಸಲಾಗ ಮೂರು ತಾಸು ನಿಲ್ಲಿಸಿದ್ರು, ಆಧಾರ್ ಫೋಟೋ ತಗೊಂಡ್ರು, ಮಾಸ್ತರ ಬಿಪಿ ಗುಳಗಿ ಬ್ಯಾಗಿನಾಗ ಇತ್ತು, ಬ್ಯಾಗ್ ಅವರ ಬೈಕ್ ಮ್ಯಾಲ, ಕೊಡ್ರಿ ಅಂದ್ರ ‘ಆಮ್ಯಾಲ’ ಅಂದ್ರು. ನಮ್ಮ ಬಸ್ ತಪ್ಪತು. ಕಡೀಕ ಮೆಮೊರಿ ಕಾರ್ಡ್ ನಮ್ಮ ಕೈಲೆ ಫಾರ್ಮ್ಯಾಟ್ ಮಾಡಿಸಿದ್ರು. ಎರಡು ದಿನದ ಹಕ್ಕಿ ಹೋದ್ವು, ನಂಬರ್ ಪ್ಲೇಟೂ ಹೋತು. ಅಷ್ಟರಾಗ ಒಂದು ಜೀಪ್ ಬಂತು, ನಾಕು ಹುಡುಗರು ಅದೇ ದಿಬ್ಬದ ಮ್ಯಾಲ ಡ್ರೋನ್ ಹಾರಿಸಿದ್ರು, ಅವರಿಗೆ ಯಾರೂ ಏನೂ ಕೇಳ್ಲಿಲ್ಲ.

ಕಾಯ್ದೆ ಹೇಳತೀರಲ್ಲ, ನಾನೂ ಹೇಳತೇನಿ ಕೇಳ್ರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಫೋಟೋಕ್ಕ ಪರ್ಮಿಟ್ ಅನ್ನೋದು ಅಭಯಾರಣ್ಯದ ಒಳಗ ಹೋಗಾಕ. ನಾವು ಕುಂತ ದಂಡಿ ಯಾವ ಅಭಯಾರಣ್ಯದಾಗೂ ಇಲ್ಲ. ಆದ್ರ ಅದೇ ಕಾಯ್ದೆ, ಕಾಡು ಹಕ್ಕಿ ತತ್ತಿ ಹಾಳು ಮಾಡೋದು, ಗೂಡಿಗೆ ತ್ರಾಸ ಕೊಡೋದು ಸಹಿತ ಬ್ಯಾಟಿನ ಅಂತ ಲೆಕ್ಕ ಹಿಡೀತೈತಿ. ಹಂಗಿದ್ರ ಅವತ್ತು ಹೊಳಿಯೊಳಗ ಬ್ಯಾಟಿ ಆಡಿದವರು ಯಾರು?

ಎಲ್ಲಾ ಕಡೆ ಹಿಂಗ ಐತಿ ಅಂತಲ್ಲ. ಮಾಗಡಿ ಕೆರಿಗೆ ಪ್ರತಿ ಚಳಿಗಾಲ ಹೋಗತೇವಿ, ಮಂಗೋಲಿಯಾ ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರೋ ಪಟ್ಟೆತಲೆ ಹೆಬ್ಬಾತು ಅಲ್ಲಿ ಹೊಲಕ್ಕ ಇಳದು ರೈತರ ಕಡಲಿ ಶೇಂಗಾ ತಿಂತಾವ, ಆದ್ರೂ ಆ ಜನ ಕಲ್ಲು ಎತ್ತೂದಿಲ್ಲ. ಆ ಕೆರಿ 2024ರಾಗ ರಾಮ್‌ಸರ್ ಪಟ್ಟಿಗೆ, ಅಂದ್ರ ಜಗತ್ತಿನ ಮಹತ್ವದ ಜೌಗು ಜಾಗಗಳ ಪಟ್ಟಿಗೆ ಸೇರ್ತು, ನಮ್ಮ ಬಾಜೂ ಗದಗ ಜಿಲ್ಲೆಗೆ ಎಂಥಾ ಮರ್ಯಾದಿ ಅದು. ಕೆಳಗ ಮುದ್ಲಾಪುರದಿಂದ ಕಂಪ್ಲಿ ತನಕ 34 ಕಿಲೋಮೀಟರ್ ಇದೇ ತುಂಗಭದ್ರಾನ ನೀರುನಾಯಿ ಸಲುವಾಗಿ ಮೀಸಲು ಮಾಡ್ಯಾರ. ಮ್ಯಾಲಿನ ನೀರುನಾಯಿ ಏನು ಪಾಪ ಮಾಡೇತಿ? ರಾಣೆಬೆನ್ನೂರಿನಾಗ ಎರೆಭೂತ ಅನ್ನೋ ದೊಡ್ಡ ಹಕ್ಕಿ ಹೋತು, ನೋಡಾಕ ಸಿಗವಲ್ದು, ಈಗ ಹೊಳಿ ಹಕ್ಕಿ ಸರದಿ ಬರಬೇಕೇನು?

ಇದು ಇವತ್ತಿನ ಮಾತಲ್ಲ. ಮೂರು ವರ್ಷದ ಹಿಂದ ನಮ್ಮ ಬಡಾವಣಿ ಕೆರಿಯೊಳಗ ಕಟ್ಟಡದ ಕಸ ಸುರೀತಾರ ಅಂತ ಅರ್ಜಿ ಕೊಟ್ಟಿದ್ದೆ, ಸಿಕ್ಕಾ ಹಾಕಿ ಇಸಕೊಂಡ್ರು, ಆಮ್ಯಾಲ ಇದು ನಮ್ಮ ವ್ಯಾಪ್ತಿ ಅಲ್ಲ ಅಂದ್ರು. ಇನ್ನೊಂದು ಆಫೀಸಿಗೆ ಹೋದ್ರ ಅವರೂ ಅದೇ ಮಾತು. 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಾಗ ಕೇಳಿದೆ, 30 ದಿನದಾಗ ಬರಬೇಕಾದ ಉತ್ತರ ಇನ್ನೂ ಬಂದಿಲ್ಲ, ಕೆರಿ ಅರ್ಧ ಮುಚ್ಚೇತಿ. ಬೀದಿ ದೀಪಕ್ಕ ಹೋದ್ರೂ ಅದ, ಗಟಾರಕ್ಕ ಹೋದ್ರೂ ಅದ. ಹೊಳಿಗಂತೂ ಈ ದಂಡಿ ಒಂದು ಜಿಲ್ಲಾ, ಆ ದಂಡಿ ಇನ್ನೊಂದು, ಸ್ವಲ್ಪ ಕೆಳಗ ಹೋದ್ರ ಮೂರನೇದು, ಯಾರಿಗೆ ಹೇಳಬೇಕು? ಟ್ರ್ಯಾಕ್ಟರ್‌ಗೆ ಮಾತ್ರ ಯಾವ ವ್ಯಾಪ್ತಿನೂ ಅಡ್ಡ ಬರೂದಿಲ್ಲ.

ಈಗ ನಾ ಕೇಳೋದು ಇಷ್ಟ. ದಂಡಿಗುಂಟ ನಡಕೋತ ಹೋಗೋ ಜನರಿಗೆ, ಹಕ್ಕಿ ನೋಡೋರಿಗೆ ದಾರಿ ಬಿಡ್ರಿ, ಕಳ್ಳರಂಗ ನಿಲ್ಲಿಸಬ್ಯಾಡ್ರಿ. ಅದು ಆಗೂದಿಲ್ಲಂದ್ರ ಫೆಬ್ರವರಿಯಿಂದ ಮೇ ತನಕ ತತ್ತಿ ಮರಿ ಇರೋ ದಿಬ್ಬ ಎಲ್ಲಾರಿಗೂ ಬಂದ್ ಮಾಡ್ರಿ, ನನಗೂ ಬಂದ್ ಮಾಡ್ರಿ, ನಾ ಒಂದು ಮಾತು ಆಡೂದಿಲ್ಲ, ಆದ್ರ ಟ್ರ್ಯಾಕ್ಟರ್‌ಗೆ ಮೊದಲ ಬಂದ್ ಆಗಬೇಕು. ಆ ಇಬ್ಬರು ಸಿಬ್ಬಂದಿನ್ನ ಅವರ ಸಾಹೇಬರು ಕರದು ಕೇಳಬೇಕು, ಮಾಸ್ತರ ಹತ್ರ ಬಂದು ತಪ್ಪಾತು ಅನ್ನಬೇಕು. ಅಷ್ಟು ವಯಸ್ಸಿನವರನ್ನ ಗುಳಗಿ ಕೊಡದ ಬಿಸಲಾಗ ನಿಲ್ಲಿಸಾಕ ನಿಮಗ ಮನಸ್ಸರ ಹೆಂಗ ಬಂತು? ಮನ್ಯಾಗ ಹಿರ್ಯಾರು ಯಾರೂ ಇಲ್ಲೇನು?

— ನೊಂದ ಓದುಗ, ಹುಬ್ಬಳ್ಳಿ