ಕ್ಯಾರವಾನ್: ತುಂಬುವ ಮೊದಲು ತೂಕ ನೋಡಿ

ಮಾನ್ಯರೇ,

ಹೊಸ ಕ್ಯಾರವಾನ್ (ಕಾರಿನ ಹಿಂದೆ ಎಳೆದೊಯ್ಯುವ ಮನೆಗಾಡಿ) ಕೊಂಡವರು ಪಾತ್ರೆ, ಹೊದಿಕೆ ತುಂಬುವ ಭರದಲ್ಲಿ ಚಕ್ರಕ್ಕೆ ಅಡ್ಡ ಇಡುವ ಮರದ ತುಂಡು, ಗಾಡಿ ಸಮತಟ್ಟಾಗಿದೆಯೇ ಎಂದು ನೋಡುವ ಸ್ಪಿರಿಟ್ ಲೆವೆಲ್, ನಟ್‌ಗಳನ್ನು ಅಳತೆಗೆ ತಕ್ಕಷ್ಟೇ ಬಿಗಿ ಮಾಡುವ ಟಾರ್ಕ್ ವ್ರೆಂಚ್ ಮರೆಯುತ್ತಾರೆ. ಹೊಸ ಚಕ್ರದ ನಟ್‌ಗಳು ಮೊದಲ ಓಟದಲ್ಲೇ ಸಡಿಲವಾಗಬಹುದು, 50 ಕಿ.ಮೀ. ಆಸುಪಾಸಿನಲ್ಲಿ ನಿಲ್ಲಿಸಿ, ಕೈಪಿಡಿ ಹೇಳಿದಷ್ಟು ಬಿಗಿ ಮಾಡಿ.

ಭಾರದ ಸಾಮಾನು ಆಕ್ಸಲ್ (ಚಕ್ರಗಳ ಅಚ್ಚು) ಮೇಲೆ, ನೆಲಕ್ಕೆ ಹತ್ತಿರ ಇರಲಿ. ಹಿಂದೆ ಪೇರಿಸಿದರೆ ವೇಗದಲ್ಲಿ ಗಾಡಿ ಅತ್ತಿತ್ತ ಓಲಾಡುತ್ತದೆ. ಒಟ್ಟು ತೂಕದ ಶೇ 5ರಿಂದ 7ರಷ್ಟು ಕಾರಿಗೆ ಜೋಡಿಸುವ ಕೊಂಡಿಯ ಮೇಲೆ ಬಿದ್ದರೆ ಸರಿ, ಆದರೆ ಎಳೆಯುವ ಕಾರಿನ ಮಿತಿ ಮೀರಬಾರದು. 40 ಲೀಟರ್ ನೀರೆಂದರೆ 40 ಕೆ.ಜಿ.; ತಂಗುವಲ್ಲಿ ನಲ್ಲಿಯಿದ್ದರೆ ಟ್ಯಾಂಕ್ ಖಾಲಿಯಿರಲಿ, ಕುಡಿಯುವ ನೀರಿಗೆ ಯೋಗ್ಯವಾದ ಪೈಪ್ ಸಾಕು. ವಿದ್ಯುತ್ ಕೇಬಲ್ಲನ್ನು ಪೂರ್ತಿ ಬಿಚ್ಚಿಯೇ ಬಳಸಿ. ಸುರುಳಿಯಲ್ಲಿದ್ದರೆ ಕಾದು ಕರಗೀತು. ಮೈಕ್ರೊವೇವ್? ಮನೆಯಲ್ಲೇ ಇರಲಿ.