ಮೋನೋ ಸರೋವರಕ್ಕೆ ಹೊರಟ ಪುಟ್ಟಿಗೆ

ಪ್ರೀತಿಯ ಪುಟ್ಟಿ,

ಅತ್ತೆಯ ಆಶೀರ್ವಾದಗಳು.

ನಿನ್ನೆ ಫೋನಿನಲ್ಲಿ ನಿನ್ನ ಮಾತು ಕೇಳಿ ತುಂಬ ಖುಷಿಯಾಯಿತು. ಕೂಡಿಟ್ಟ ದುಡ್ಡಿನಲ್ಲಿ ನೀನು ಕ್ಯಾಮೆರಾ ಕೊಂಡೆ, ಉದ್ದದ ಲೆನ್ಸೂ ಕೊಂಡೆ. ಜುಲೈ ಮೊದಲ ವಾರ ಗೆಳತಿಯರ ಜೊತೆ ಮೋನೋ ಸರೋವರಕ್ಕೆ ಹೊರಟಿದ್ದೀಯ. ಈ ಕ್ಯಾಲಿಫೋರ್ನಿಯಾಕ್ಕೆ ಬಂದ ಮೇಲೆ ನಾನು ಹದಿನೆಂಟು ಬೇಸಿಗೆ ಅಲ್ಲಿಗೆ ಹೋಗಿದ್ದೇನೆ. ಈಗ ಮೊಣಕಾಲು ಬಿಡುವುದಿಲ್ಲ. ಫೋನಿನಲ್ಲಿ ಹೇಳಲು ಹೋದರೆ ಅರ್ಧ ಮರೆಯುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ನಿನಗೆ ಕೊಕ್ಕರೆ ಬೆಳ್ಳೂರು ನೆನಪಿದೆಯಾ? ಆಗ ನಿನಗೆ ಐದು ವರ್ಷ. ನಾನು ರಜೆಗೆ ಊರಿಗೆ ಬಂದಿದ್ದೆ, ಮದ್ದೂರಿನಿಂದ ನಿನ್ನನ್ನು ಕರೆದುಕೊಂಡು ಹೋಗಿದ್ದೆ. ಮನೆಗಳ ನಡುವಿನ ಹುಣಸೆ ಮರಗಳ ತುಂಬ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ. ಹಕ್ಕಿ ಹಾರಲಿ ಅಂತ ನೀನು ಜೋರಾಗಿ ಚಪ್ಪಾಳೆ ತಟ್ಟಿದೆ. ಜಗಲಿಯಲ್ಲಿ ಕೂತಿದ್ದ ಒಬ್ಬರು ಅಜ್ಜಿ ಎದ್ದು ಬಂದು, "ಬಾಣಂತಿ ಮಲಗವ್ಳೆ ಕಣವ್ವ, ಸದ್ದು ಮಾಡ್ಬ್ಯಾಡ" ಅಂದರು. ಆ ಊರಿನವರಿಗೆ ಅವು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು. ಮೋನೋಗೆ ಹೋಗುವಾಗ ಆ ಅಜ್ಜಿಯ ಮಾತನ್ನೂ ಜೊತೆಗೆ ತೆಗೆದುಕೊಂಡು ಹೋಗು. ಅಲ್ಲಿಯೂ ಬೇಸಿಗೆ ಅಂದರೆ ಬಾಣಂತನದ ಕಾಲವೇ.

ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ದಡದಲ್ಲಿ ಕಡಲಕ್ಕಿಗಳನ್ನು ನೋಡುತ್ತೀಯಲ್ಲ, ಅವುಗಳಲ್ಲಿ ಕ್ಯಾಲಿಫೋರ್ನಿಯಾ ಗಲ್ ಅನ್ನುವ ಜಾತಿಯೂ ಇದೆ. ಅವು ವಸಂತದಲ್ಲಿ ಸಿಯೆರಾ ಬೆಟ್ಟಸಾಲು ದಾಟಿ ಮೋನೋದ ದ್ವೀಪಗಳಿಗೆ ಮರಿ ಮಾಡಲು ಬರುತ್ತವೆ. ಏಪ್ರಿಲ್ 1ರಿಂದ ಆಗಸ್ಟ್ 1ರವರೆಗೆ ಆ ದ್ವೀಪಗಳ ಒಂದು ಮೈಲಿ ಹತ್ತಿರಕ್ಕೂ ಯಾರೂ ಹೋಗುವಂತಿಲ್ಲ. ದೋಣಿ ಬಾಡಿಗೆಗೆ ತೆಗೆದುಕೊಂಡರೆ ಇದನ್ನು ಮರೆಯಬೇಡ. ಡ್ರೋನ್ ಇರುವ ಗೆಳತಿಗೆ ಅದನ್ನು ಮನೆಯಲ್ಲೇ ಬಿಟ್ಟು ಬರಲು ಹೇಳು.

ಈಗ ನೀನು ಫೋಟೋದಲ್ಲಿ ನೋಡಿ ಮರುಳಾದ ಆ ಸುಣ್ಣಕಲ್ಲಿನ ಕಂಬಗಳ ವಿಷಯ. ಅವಕ್ಕೆ ಟೂಫಾ ಅನ್ನುತ್ತಾರೆ. ಸರೋವರದ ತಳದಲ್ಲಿ ಸುಣ್ಣದ ಅಂಶವಿರುವ ಸಿಹಿನೀರಿನ ಬುಗ್ಗೆಗಳಿವೆ. ಆ ನೀರು ಮೇಲಿನ ಕ್ಷಾರದ ನೀರಿಗೆ ಸೇರಿದಾಗ ಕಲ್ಲು ಕಟ್ಟುತ್ತದೆ. ಅಂದರೆ ಅವು ಬೆಳೆಯುವುದು ನೀರಿನೊಳಗೆ ಮಾತ್ರ. ಹಾಗಾದರೆ ಈಗ ಗಾಳಿಯಲ್ಲಿ ಹೇಗೆ ನಿಂತಿವೆ? 1941ರಿಂದ ಲಾಸ್ ಏಂಜಲೀಸ್ ನಗರ ಈ ಸರೋವರಕ್ಕೆ ಬರುವ ಹೊಳೆಗಳನ್ನು ತನ್ನ ನಲ್ಲಿಗಳಿಗೆ ತಿರುಗಿಸಿಕೊಂಡಿತು. 1982ರ ಹೊತ್ತಿಗೆ ನೀರು ಸುಮಾರು 45 ಅಡಿ ಇಳಿದಿತ್ತು. ಉಪ್ಪು ಎರಡು ಪಟ್ಟಾಯಿತು. 1979ರಲ್ಲಿ ನೆಗಿಟ್ ದ್ವೀಪಕ್ಕೂ ದಡಕ್ಕೂ ನಡುವೆ ನೆಲ ಎದ್ದು, ನರಿಯಂಥ ಕಯೋಟಿಗಳು ನಡೆದೇ ಹೋಗಿ ಮರಿಗಳನ್ನು ತಿಂದವು. ಸಾವಿರಾರು ಗಲ್‌ಗಳು ಗೂಡು ಬಿಟ್ಟು ಹೋದವು.

ಅದನ್ನು ತಡೆದವರು ಹಕ್ಕಿ ನೋಡುವ ಜನರೇ, ಪುಟ್ಟಿ. ಡೇವಿಡ್ ಗೇನ್ಸ್ ಮತ್ತು ಗೆಳೆಯರು 1978ರಲ್ಲಿ ಮೋನೋ ಲೇಕ್ ಕಮಿಟಿ ಕಟ್ಟಿದರು. 1983ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು, ಇಂಥ ಸರೋವರಗಳನ್ನು ಜನರ ಪರವಾಗಿ ಕಾಯುವುದು ಸರ್ಕಾರದ ಹೊಣೆ ಅಂದಿತು. 1994ರಲ್ಲಿ ನೀರಿನ ಮಟ್ಟ ಸಮುದ್ರಮಟ್ಟದಿಂದ 6392 ಅಡಿಗೆ ಏರಬೇಕು ಅಂತ ಆದೇಶವಾಯಿತು. ಆ ಮಟ್ಟ ಇನ್ನೂ ಮುಟ್ಟಿಲ್ಲ. ಕಾವೇರಿ ನೀರಿನ ಮಾತು ಕೇಳುತ್ತಲೇ ಬೆಳೆದವರು ನಾವು, ನಮಗೆ ಇದು ಬೇಗ ಅರ್ಥವಾಗುತ್ತದೆ ಅಲ್ವಾ. ಆ ಕಂಬಗಳ ಫೋಟೋ ಖಂಡಿತ ತೆಗೆ. ಆದರೆ ಅದರ ಕೆಳಗೆ ಬರೆಯುವಾಗ, ಇಲ್ಲಿ ಒಂದು ಕಾಲಕ್ಕೆ ನೀರಿತ್ತು ಅಂತ ಒಂದು ಸಾಲು ಸೇರಿಸು.

ಬೆಳಿಗ್ಗೆ ಐದೂವರೆಗೆಲ್ಲ ಆ ಕಂಬಗಳಿರುವ ಸೌತ್ ಟೂಫಾ ದಡದಲ್ಲಿರು. ಒಂಬತ್ತರ ನಂತರ ಉಪ್ಪಿನ ಬಯಲು ಕಾಯುತ್ತದೆ, ಬಿಸಿಲ್ಗುದುರೆ ಏಳುತ್ತದೆ. ಆಗ ಉದ್ದ ಲೆನ್ಸಿನಲ್ಲಿ ತೆಗೆದ ಹಕ್ಕಿ ನೀರಿನಲ್ಲಿ ಕಲಸಿದಂತೆ ಬರುತ್ತದೆ. ಎಷ್ಟು ದುಬಾರಿ ಲೆನ್ಸಾದರೂ ಅಷ್ಟೇ, ಫೋಕಸ್ ತಪ್ಪಿತು ಅಂತ ಸುಮ್ನೆ ಒದ್ದಾಡಬೇಡ. ಕ್ಯಾಮೆರಾ ಒಳಗಿಟ್ಟು ದುರ್ಬೀನು ತೆಗೆದುಕೋ. ಬಿಳಿ ನೆಲ ತುಂಬಿದ ಚಿತ್ರದಲ್ಲಿ ಕ್ಯಾಮೆರಾ ಮೋಸ ಹೋಗಿ ಎಲ್ಲವನ್ನೂ ಬೂದು ಮಾಡುತ್ತದೆ, ಎಕ್ಸ್‌ಪೋಷರ್, ಅಂದರೆ ಒಳಗೆ ಬರುವ ಬೆಳಕನ್ನು, ಒಂದು ಸ್ಟಾಪ್ ಏರಿಸು. ಕಪ್ಪು ನೀರಿನ ಮುಂದೆ ಬಿಳಿ ಗಲ್ ಇದ್ದರೆ ಇಳಿಸು. ದಡದಲ್ಲಿ ಲೆನ್ಸು ಬದಲಿಸಬೇಡ, ಆ ಕ್ಷಾರದ ಧೂಳು ಹಿಟ್ಟಿನಂತಿದೆ. ಅಲ್ಲಿ ನೆರಳಿಲ್ಲ, ಎತ್ತರ 6380 ಅಡಿಗೂ ಜಾಸ್ತಿ. ಒಬ್ಬೊಬ್ಬರಿಗೂ ಮೂರು ಲೀಟರ್ ನೀರು ಇರಲಿ.

ದಡದಲ್ಲಿ ಕಪ್ಪು ಕಂಬಳಿ ಹಾಸಿದಂತೆ ನೊಣಗಳು ಕೂತಿರುತ್ತವೆ. ಗೆಳತಿಯರು ಕಿರುಚಬಹುದು. ಅವು ಕಚ್ಚುವುದಿಲ್ಲ, ಮೈಮೇಲೂ ಕೂರುವುದಿಲ್ಲ. ಸಮುದ್ರಕ್ಕಿಂತ ಎರಡೂವರೆ ಪಟ್ಟು ಉಪ್ಪಾದ ಆ ನೀರಿನಲ್ಲಿ ಮೀನಿಲ್ಲ. ಈ ನೊಣ ಮತ್ತು ಸಣ್ಣ ಸಿಗಡಿ, ಇವೆರಡರ ಮೇಲೇ ಅಲ್ಲಿನ ಹಕ್ಕಿಗಳ ಸಂಸಾರ. ಅಲ್ಲಿನ ಮೂಲ ನಿವಾಸಿಗಳಾದ ಕುಟ್ಜಾಡಿಕಾ ಜನರೂ ಈ ನೊಣದ ಕೋಶವನ್ನು ಬಳಿದು ಒಣಗಿಸಿ ತಿನ್ನುತ್ತಿದ್ದರು, ಅವರ ಹೆಸರು ಬಂದದ್ದೇ ಅದರಿಂದ. ಗಲ್‌ಗಳು ಬಾಯಿ ತೆರೆದುಕೊಂಡು ಈ ನೊಣಗಳ ನಡುವೆ ಓಡುವುದನ್ನು ಕಾದು ನೋಡು. ನೆಲಕ್ಕೆ ಹೊಟ್ಟೆ ಊರಿ ಮಲಗು, ಹಕ್ಕಿಯ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಬರಲಿ.

ಜುಲೈನಲ್ಲಿ ನೀನು ನೋಡಲೇಬೇಕಾದದ್ದು ವಿಲ್ಸನ್ಸ್ ಫಾಲರೋಪ್. ಗುಬ್ಬಚ್ಚಿಗಿಂತ ದೊಡ್ಡ ಹಕ್ಕಿ, ಸೂಜಿಯಂಥ ಕೊಕ್ಕು. ಇವುಗಳಲ್ಲಿ ಹೆಣ್ಣಿಗೇ ಬಣ್ಣ ಜಾಸ್ತಿ. ಮೊಟ್ಟೆಯಿಟ್ಟು ಅದು ಹೊರಟುಬಿಡುತ್ತದೆ, ಕಾವು ಕೊಡುವುದು ಗಂಡು. ಅದಕ್ಕೇ ಮೋನೋಗೆ ಮೊದಲು ಬರುವುದು ಹೆಣ್ಣುಗಳು. ನೀರಿನ ಮೇಲೆ ಬುಗುರಿಯಂತೆ ಗಿರಗಿರ ಸುತ್ತಿ, ಕೆಳಗಿನ ಆಹಾರವನ್ನು ಮೇಲೆಳೆದು ಹೆಕ್ಕುತ್ತವೆ. ಕೆಲವೇ ವಾರಗಳಲ್ಲಿ ಮೈತೂಕ ಹೆಚ್ಚುಕಡಿಮೆ ಇಮ್ಮಡಿ. ಆ ಕೊಬ್ಬಿನ ಬಲದಲ್ಲೇ ದಕ್ಷಿಣ ಅಮೆರಿಕಕ್ಕೆ ಹಾರುತ್ತವೆ. ಇಡೀ ಹಿಂಡು ಒಟ್ಟಿಗೆ ಎದ್ದರೆ ಫೋಟೋ ಅದ್ಭುತವಾಗಿರುತ್ತದೆ, ನಿಜ. ಆದರೆ ನೀನಾಗಿ ಓಡಿ ಎಬ್ಬಿಸಿದರೆ ಅವುಗಳ ದಾರಿಯ ಬುತ್ತಿಯನ್ನು ನೀನು ಖರ್ಚು ಮಾಡಿದ ಹಾಗೆ. ಕಾದು ಕೂರು. ಗಿಡುಗ ಬಂದಾಗ ತಾವಾಗಿಯೇ ಏಳುತ್ತವೆ.

ಇದು ನನಗೆ ಹೇಗೆ ಗೊತ್ತಾಯಿತು ಅಂತ ಹೇಳಬೇಕು. ನನ್ನ ಎರಡನೇ ಬೇಸಿಗೆಯಲ್ಲಿ ಪೂರ್ವ ದಡದ ಉಪ್ಪಿನ ಬಯಲಿನಲ್ಲಿ ಒಬ್ಬಳೇ ನಡೆಯುತ್ತಿದ್ದೆ. ಅಂಗೈಯಷ್ಟು ದೊಡ್ಡ ಸ್ನೋಯಿ ಪ್ಲೋವರ್ ಹಕ್ಕಿಯೊಂದು ಮುಂದೆ ಓಡಿ, ರೆಕ್ಕೆ ಮುರಿದಂತೆ ನೆಲಕ್ಕೆ ಬಿದ್ದು ಹೊರಳಿತು. ನಾನು ಹಿಗ್ಗಿ ಹಿಗ್ಗಿ ಫೋಟೋ ತೆಗೆದೆ. ಅದು ಎಳೆದಂತೆ ಹಿಂದೆ ಹೋದೆ, ಮತ್ತೆ ತಿರುಗಿ ಬಂದೆ, ಮತ್ತೆ ತೆಗೆದೆ. ಅರ್ಧ ಗಂಟೆ ಕಳೆದಿರಬೇಕು. ಕೊನೆಗೆ ಕಾಲ ಬಳಿ ನೋಡಿದರೆ ಬರೀ ನೆಲದ ಮೇಲೆ ಮೂರು ಮೊಟ್ಟೆ, ಮರಳಿನದೇ ಬಣ್ಣ. ಮಧ್ಯಾಹ್ನದ ಉರಿಬಿಸಿಲು. ಆ ತಾಯಿಯ ಕೆಲಸ ಮೊಟ್ಟೆಗೆ ನೆರಳು ಕೊಡುವುದಾಗಿತ್ತು. ನಮ್ಮ ಗದ್ದೆ ಬಯಲಿನ ಟಿಟ್ಟಿಭದಂತೆ ಇದೂ ಹೊಟ್ಟೆಯ ಗರಿ ಒದ್ದೆ ಮಾಡಿಕೊಂಡು ಬಂದು ಮೊಟ್ಟೆ ತಂಪಾಗಿಸುತ್ತದೆ. ನಾನು ಆ ನೆರಳನ್ನು ಅರ್ಧ ಗಂಟೆ ತಡೆದಿದ್ದೆ. ಆ ಮೊಟ್ಟೆಗಳು ಒಡೆದು ಮರಿಯಾದವೋ ಇಲ್ಲವೋ, ಇವತ್ತಿಗೂ ನನಗೆ ತಿಳಿಯದು. ಆ ಫೋಟೋಗಳು ಬಹಳ ಚೆನ್ನಾಗಿ ಬಂದಿದ್ದವು. ಯಾರಿಗೂ ತೋರಿಸಿಲ್ಲ.

ಹಾಗಾಗಿ ಹಕ್ಕಿ ಕುಂಟಿದರೆ, ಒಂದೇ ಸಮನೆ ಕೂಗಿದರೆ, ಬಂದ ಹೆಜ್ಜೆಯ ಮೇಲೇ ಹೆಜ್ಜೆಯಿಟ್ಟು ಹಿಂದೆ ಬಾ. ಸೇಜ್ ಪೊದೆಗಳ ಬಯಲಿನಲ್ಲೂ ಇದೇ ಮಾತು. ಅಲ್ಲಿ ಬೆಳಗಿನ ಜಾವ ಸೇಜ್ ಥ್ರಾಷರ್ ಅನ್ನುವ ಹಕ್ಕಿ ಪೊದೆಯ ತುದಿಯಲ್ಲಿ ಕೂತು ಉಸಿರು ಬಿಡದೆ ಹಾಡುತ್ತದೆ. ಮೊಬೈಲಿನಲ್ಲಿ ಅದರ ಕೂಗು ಹಾಕಿ ಕರೆಯಬೇಡ. ಇಲ್ಲದ ಎದುರಾಳಿಯನ್ನು ಹುಡುಕುತ್ತಾ ಗೂಡು ಬಿಟ್ಟು ಬರುತ್ತದೆ ಪಾಪ.

ನನ್ನ ಹಳೆಯ ದುರ್ಬೀನು, ನೆಲಕ್ಕೆ ಹಾಸುವ ಚಾಪೆ ಎರಡನ್ನೂ ಪಾರ್ಸೆಲ್ ಮಾಡಿದ್ದೇನೆ. ಬೆಟ್ಟ ದಾಟುವ ಟಯೋಗಾ ರಸ್ತೆ ತೆರೆದಿದೆಯಾ ಅಂತ ಹೊರಡುವ ಹಿಂದಿನ ದಿನ ನೋಡಿಕೋ. ವಾಪಸ್ ಬಂದ ತಕ್ಷಣ ಫೋನ್ ಮಾಡು. ಎಷ್ಟು ಫೋಟೋ ಬಂತು ಅಂತ ನಾನು ಕೇಳುವುದಿಲ್ಲ. ಒಂದೇ ಫಾಲರೋಪನ್ನು ಹತ್ತು ನಿಮಿಷ ನೋಡಿ, ಅದು ಎಡಕ್ಕೆ ಸುತ್ತುತ್ತಿತ್ತೋ ಬಲಕ್ಕೋ, ಅದನ್ನು ಹೇಳು.

ಇಂತಿ,
ನಿನ್ನ ಅತ್ತೆ